ತಲೆಯ ಮೇಲೆ ಕೈ, ಮೂರು ನಿಮಿಷ

ನಮ್ಮ ಕಡಲತೀರದ ಓಟಕ್ಕೆ ಮೊದಲು ಒಂದು ಶಾಸ್ತ್ರವಿದೆ. ಸವಾರರೆಲ್ಲ ಇಂಜಿನ್ ಚಾಲೂ ಇಟ್ಟು, ಗೇರನ್ನು ನ್ಯೂಟ್ರಲ್‌ಗೆ ಹಾಕಿ, ಎರಡೂ ಕೈ ಹೆಲ್ಮೆಟ್ಟಿನ ಮೇಲಿಟ್ಟುಕೊಂಡು ಮೂರು ನಿಮಿಷ ಕೂರಬೇಕು. ಆಮೇಲೆ ಬಾವುಟ. ಅಷ್ಟರೊಳಗೆ ಇಂಜಿನ್ ನಿಂತರೆ ಗಾಡಿಯನ್ನು ಹಗ್ಗದಾಚೆಗೆ ತಳ್ಳಿಕೊಂಡು ಬರಬೇಕು. ಓಟ ಅಲ್ಲಿಗೆ ಮುಗಿಯಿತು. ಹೋದ ವರ್ಷ ನನ್ನ ತಂಗಿ ಸಿದೊನಿ ಹಾಗೆ ತಳ್ಳಿಕೊಂಡು ಬಂದಿದ್ದಳು. 

ಈ ವರ್ಷವೇ ಕೊನೆ. ಮುಂದಿನ ಸಲದಿಂದ ನೀಲಿ ಹೊಗೆ ಉಗುಳುವ ಹಳೆಯ ಟೂ ಸ್ಟ್ರೋಕ್‌ಗೆ ಪ್ರವೇಶವಿಲ್ಲವೆಂದು ಸಂಘದವರು ಚೀಟಿ ಅಂಟಿಸಿದ್ದರು. ನಾಲ್ಕು ಚಕ್ರದ ಎಂಬತ್ತು ಕ್ವಾಡ್ ಬೈಕುಗಳಲ್ಲಿ ಟೂ ಸ್ಟ್ರೋಕ್ ಅಂತ ಉಳಿದದ್ದು ಸಿದೊನಿಯದೊಂದೇ.

ಹತ್ತು ಗಂಟೆಗೆ ನೀರು ಹಿಂದೆ ಸರಿದು, ಮರಳು ಗಟ್ಟಿಯಾಗಿ ಹೊಳೆಯುತ್ತಿತ್ತು. ಓಟ ಹನ್ನೆರಡಕ್ಕೆ. ಉಬ್ಬರ ಯಾರಿಗೂ ಕಾಯುವುದಿಲ್ಲ, ಹಾಗಾಗಿ ಓಟವೂ ಕಾಯುವುದಿಲ್ಲ. ನಾನು ಕಿಕ್ ಹೊಡೆದೆ. ಇಂಜಿನ್ ಹಿಡಿಯಿತು. ರಿಂಗ್, ಡಿಂಗ್, ಡಿಂಗ್, ಪುಟ್ಟ ಪುಟ್ಟ ಹೆಜ್ಜೆ, ನಡುನಡುವೆ ಒಂದು ಸಣ್ಣ ಮೌನ. ಆ ಮೌನವೇ ನನಗೆ ಇಷ್ಟ. ಆಕ್ಸಿಲರೇಟರ್ ಮುಟ್ಟದೆ ಇಂಜಿನ್ ಓಡುವ ಆ ಐಡ್ಲಿಂಗ್ ಸರಿಯಿದ್ದರೆ ಪ್ರತಿ ಸದ್ದಿನ ಬೆನ್ನಿಗೂ ಅದು ಬರುತ್ತದೆ.

ನಾಲ್ಕು ನಿಮಿಷದ ಹೊತ್ತಿಗೆ ಆ ಮೌನ ಕಾಣೆಯಾಯಿತು. ಯಾರೂ ಮುಟ್ಟದೆ ಇಂಜಿನ್ನಿನ ವೇಗ ತಾನೇ ಏರಿತು, ಕಿರುಚಿತು, ಪಟ್ಟನೆ ಸತ್ತಿತು.

"ಆಯ್ತಾ? ಮತ್ತೆ ಅದೇ?" ಸಿದೊನಿ ಬೂಟಿನಿಂದ ಮರಳನ್ನೊದ್ದಳು.

"ಬಾಯಿ ಮುಚ್ಚೇ. ಪ್ಲಗ್ ನೋಡ್ತೀನಿ."

ಪ್ಲಗ್ ಬೆಳ್ಳಗಿತ್ತು. ಗಾಳಿ ಹೆಚ್ಚು, ಪೆಟ್ರೋಲ್ ಕಮ್ಮಿ. ಕಾರ್ಬ್ಯುರೇಟರ್ ಬಿಚ್ಚಿದೆ, ಪೆಟ್ರೋಲ್ ಹಾಯುವ ಸಣ್ಣ ಜೆಟ್ಟಿನ ತೂತಿಗೆ ಬ್ರಶ್ಶಿನ ಎಳೆ ತೂರಿಸಿದೆ, ಸ್ವಚ್ಛ. ಗಾಳಿಯ ಸ್ಕ್ರೂವನ್ನು ಕಾಲು ಸುತ್ತು ಒಳಕ್ಕೆ ತಿರುಗಿಸಿದೆ. ಎಲ್ಲ ಮತ್ತೆ ಕೂರಿಸಿ, ಕಿಕ್ ಹೊಡೆದು, ಕಾರ್ಬ್ಯುರೇಟರನ್ನು ಇಂಜಿನ್ನಿಗೆ ಜೋಡಿಸುವ ರಬ್ಬರ್ ಕೊಳವೆಯ ಸುತ್ತ ಉರಿಯುವ ಸ್ಪ್ರೇ ಹೊಡೆದೆ. ಎಲ್ಲಿಂದಾದರೂ ಕಳ್ಳಗಾಳಿ ಎಳೆಯುತ್ತಿದ್ದರೆ ಸ್ಪ್ರೇಯೂ ಒಳಗೆ ಹೋಗಿ ಸದ್ದು ಬದಲಾಗಬೇಕಿತ್ತು. ಬದಲಾಗಲಿಲ್ಲ. ಆದರೂ ಕಾವೇರಿದ ಕೂಡಲೇ ಮತ್ತೆ ಕಿರುಚಿ ಸತ್ತಿತು.

ಪಕ್ಕದ ಡೇರೆಯಲ್ಲಿ ಕಲೇ ಊರಿನಿಂದ ಬಂದಿದ್ದ ಸವಾರ ಲುದೋವಿಕ್ ನಿಂತಿದ್ದ. ಅವನ ಹೊಸ ಫೋರ್ ಸ್ಟ್ರೋಕ್ ಗಾಡಿ ಬಟನ್ ಒತ್ತಿದರೆ ಸಾಕು, ಬೆಕ್ಕಿನ ಹಾಗೆ ಗುರುಗುಡುತ್ತಿತ್ತು.

"ಏನ್ ಸಿದೊನಿ, ನಿನ್ ಕಾಫಿ ಪುಡಿ ಮಾಡೋ ಮಷಿನ್ ಕೆಟ್ಟೋಯ್ತಾ? ನಮಗೆ ಬೆಳಿಗ್ಗೆಯಿಂದ ಕಾಫಿನೇ ಇಲ್ಲ ಮಾರಾಯ್ತಿ."

"ಓಟದಲ್ಲಿ ಹೊಗೆ ಕುಡಿಸ್ತೀನಿ ಬಾ, ಸಕ್ಕರೆ ಹಾಕಿ," ಎಂದಳು. ಆಮೇಲೆ ಗಡಿಯಾರ ನೋಡಿದಳು. ಹನ್ನೊಂದೂ ಹತ್ತಾಗಿತ್ತು.

ಆಗ ಅಷಿಲ್ ಎದ್ದ. ನಮ್ಮ ಬೀದಿಯ ಮುದುಕ, ನಲವತ್ತು ವರ್ಷ ಮೀನುದೋಣಿಗಳ ಇಂಜಿನ್ ರಿಪೇರಿ ಮಾಡಿದವನು. ಅಷ್ಟು ಹೊತ್ತೂ ನಮ್ಮ ಡೇರೆಯಲ್ಲಿ ಪೊಟ್ಟಣದಿಂದ ಕರಿದ ಆಲೂಗಡ್ಡೆ ಕಡ್ಡಿಗಳನ್ನು ತಿನ್ನುತ್ತ ಕೂತಿದ್ದ.

"ಗಾಸ್ಪಾರ್, ಸ್ಪ್ರೇ ಹೊಡೆದಾಗ ಇಂಜಿನ್ ಬಿಸಿ ಇತ್ತೇನೋ?" ಎಂದು ನನ್ನನ್ನು ಕೇಳಿದ.

"ತಣ್ಣಗಿತ್ತು. ಬಿಸಿ ಆದ್ರೆ ನಿಂತೇ ಹೋಗುತ್ತಲ್ಲ ತಾತ."

"ಹೂಂ. ಮತ್ತೆ ಅದಕ್ಕೆ ಈ ಕಂಬಳಿ ಹೊದಿಸಿದ್ಯಾರು?"

ಅವನು ತೋರಿಸಿದ್ದು ಗ್ರೀಸು. ಉಪ್ಪಿಗೂ ಮರಳಿಗೂ ಹೆದರಿ ನಮ್ಮ ತೀರದ ಸವಾರರೆಲ್ಲ ಪ್ರತಿ ಸಂದಿಗೂ ಗ್ರೀಸ್ ಮೆತ್ತುತ್ತಾರೆ. ಬೇರೆ ಊರಿನವರು ನಗುತ್ತಾರೆ, ನಾವು ಮೆತ್ತುತ್ತೇವೆ. ನಿನ್ನೆ ಬಿಚ್ಚಿದ ಭಾಗಗಳನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಒಂದು ಡಬ್ಬಿ ಪೂರ್ತಿ ಖಾಲಿ ಮಾಡಿ, ಕೆಲಸ ಅಂದರೆ ಹೀಗಿರಬೇಕು ಅಂದುಕೊಂಡಿದ್ದೆ.

"ನಾನೇ ಹಾಕಿದ್ದು. ತಪ್ಪೇನಿದೆ?"

"ತಪ್ಪು ಅಂದ್ನಾ? ಕಿಕ್ ಹೊಡಿ. ಸಿದೊನಿ, ನೀನು ಆಕ್ಸಿಲರೇಟರ್ ಮುಟ್ಟಬೇಡ. ಎಲ್ರೂ ಬಗ್ಗಿ ನೋಡಿ."

ಒಂದು ನಿಮಿಷ. ಎರಡು. ರಬ್ಬರಿನ ಮೇಲಿದ್ದ ಗ್ರೀಸ್ ಹೊಳೆಯತೊಡಗಿತು, ಬೆಣ್ಣೆಯಂತೆ ಜಾರಿತು. ಮೂರನೇ ನಿಮಿಷಕ್ಕೆ ಕೊಳವೆಯ ಕೆಳಬದಿಯಲ್ಲಿ ಅದರೊಳಗೆ ಒಂದು ಪುಟ್ಟ ಗುಳಿ ಬಿತ್ತು. ಗುಳಿ ತಿರುಗಿತು, ಆಳವಾಯಿತು. ಯಾರೋ ಒಳಗಿನಿಂದ ಸ್ಟ್ರಾ ಹಾಕಿ ಹೀರಿದಂತೆ ಗ್ರೀಸು ಒಳಕ್ಕೆ ಹೋಯಿತು! ಇಂಜಿನ್ ಕಿರುಚಿತು.

"ಸೀಳಿದೆ!" ನಾನೂ ಕಿರುಚಿದೆ. "ತಾತ, ರಬ್ಬರ್ ಸೀಳಿದೆ!"

"ತಣ್ಣಗಿದ್ದಾಗ ನಿನ್ ಗ್ರೀಸೇ ಅದಕ್ಕೆ ಮುಚ್ಚಳ. ಸ್ಪ್ರೇ ಪಾಪ ಎಲ್ಲಿಂದ ಒಳಗೆ ಹೋಗ್ಬೇಕು?"

ಒರೆಸಿದೆ. ಉಗುರಿನಷ್ಟು ಉದ್ದದ ಬಿರುಕು. ಆಗ ನೆನಪಾಯಿತು, ನಿನ್ನೆ ಗ್ರೀಸ್ ಮೆತ್ತುವಾಗ ಹೆಬ್ಬೆರಳಿಗೆ ಏನೋ ತಗುಲಿತ್ತು. ಕೂದಲೆಳೆಯಂಥ ಒಂದು ಒರಟು ಗೆರೆ. ಅದರ ಮೇಲೆ ಇನ್ನಷ್ಟು ಒತ್ತಿ ಮುಂದೆ ಹೋಗಿದ್ದೆ. ಕಂಡದ್ದನ್ನು ಹೇಳದೆ ಮುಚ್ಚಿಹಾಕುವುದು ನನಗೆ ಗ್ರೀಸ್ ಮೆತ್ತುವಾಗಷ್ಟೇ ಇರುವ ಅಭ್ಯಾಸವಲ್ಲ.

"ಸಿದೊನಿ," ಎಂದೆ, "ನಿನ್ನೆ ಇದು ನನ್ನ ಕೈಗೆ ಸಿಕ್ಕಿತ್ತು. ಹೇಳ್ಲಿಲ್ಲ."

ಅವಳು ನನ್ನನ್ನು ನೋಡಿದಳು. "ಬೈಯೋಕೆ ಈಗ ಟೈಮಿಲ್ಲ. ಸಂಜೆ ಬೈತೀನಿ, ಕೂತ್ಕೊಂಡು. ಈಗ ಏನ್ ಮಾಡೋಣ ಹೇಳು!"

ಬದಲಿ ಕೊಳವೆ ಇರಲಿಲ್ಲ. ಆದರೆ ನೂರು ಮಾರು ದೂರದಲ್ಲಿ ಮರಳಿನ ಮೇಲೆ ಗಾಳಿಪಟ ಕಟ್ಟಿಕೊಂಡು ಓಡುವ ಮೂರು ಚಕ್ರದ ಬಂಡಿಗಳನ್ನು ಬಾಡಿಗೆಗೆ ಕೊಡುವ ಹೆಂಗಸೊಬ್ಬಳಿದ್ದಳು. ಓಡಿದೆ. ಚಕ್ರದ ಹಳೆಯ ಟ್ಯೂಬ್ ಕೇಳಿದೆ. "ತಗೊಂಡ್ಹೋಗೋ, ಆದ್ರೆ ಗೆಲ್ಲಬೇಕು!" ಎಂದು ಆ ಹೆಂಗಸು ಮುಖಕ್ಕೇ ಎಸೆದಳು. ಅಷಿಲ್ ಅದರಿಂದ ಒಂದು ತುಂಡು ಕತ್ತರಿಸಿದ. ಪೆಟ್ರೋಲಿನಲ್ಲಿ ಕೊಳವೆ ತೊಳೆದು, ಒಣಗಿಸಿ, ಆ ತುಂಡನ್ನು ಕಾಲುಚೀಲದ ಹಾಗೆ ಬಿಗಿಯಾಗಿ ಏರಿಸಿ, ಎರಡು ಕ್ಲಾಂಪ್ ಬಿಗಿದೆವು. ಗ್ರೀಸ್ ಡಬ್ಬಿಗೆ ನನ್ನ ಕೈ ಹೋಯಿತು. ಅಷಿಲ್ ಆ ಕೈಯ ಮೇಲೆ ಒಂದೇಟು ಕೊಟ್ಟ.

ಬಿಸಿ ಮಾಡಿ ಪರೀಕ್ಷಿಸಲು ಸಮಯವೇ ಉಳಿಯಲಿಲ್ಲ. ಧ್ವನಿವರ್ಧಕ ನಮ್ಮ ಸಂಖ್ಯೆ ಕೂಗುತ್ತಿತ್ತು.

ಎಂಬತ್ತು ಗಾಡಿಗಳು ಒಂದೇ ಸಾಲಿನಲ್ಲಿ. ಎಂಬತ್ತು ಜೊತೆ ಕೈಗಳು ತಲೆಯ ಮೇಲೆ. ನಾನು ಹಗ್ಗ ಹಿಡಿದು ಕಣ್ಣು ಮುಚ್ಚಿದೆ. ಎಪ್ಪತ್ತೊಂಬತ್ತು ಗುರುಗುಡುವ ಸದ್ದುಗಳ ನಡುವೆ ಅದೊಂದನ್ನೇ ಹುಡುಕಿದೆ. ರಿಂಗ್, ಡಿಂಗ್, ಡಿಂಗ್. ಸಿಕ್ಕಿತು! ಒಂದು ನಿಮಿಷ. ಎರಡು. ಸದ್ದು ತುಸು ಏರಿತೇ? 

"ಏರ್ತಾ ಇದೆಯಾ ತಾತ?"

"ಏರ್ತಿರೋದು ನಿನ್ ಎದೆ ಕಣೋ. ಅದನ್ನ ಸ್ಲೋ ಮಾಡ್ಕೋ."

ಮತ್ತೆ ಕಿವಿಗೊಟ್ಟೆ. ಇತ್ತು. ಸದ್ದು, ಅದರ ಬೆನ್ನಿಗೆ ಸಣ್ಣ ಮೌನ. ಸದ್ದು, ಮೌನ. ಲೆಕ್ಕ ತಪ್ಪುವಷ್ಟು ಸಲ.

ಬಾವುಟ ಬಿತ್ತು!

ಮರಳಿನ ಗೋಡೆಯೊಂದು ಎದ್ದು ನಮ್ಮ ಮೇಲೆ ಕುಸಿಯಿತು. ಕಣ್ಣೊರೆಸಿಕೊಂಡು ನೋಡಿದರೆ ಸಾಲಿನ ಜಾಗದಲ್ಲಿ ಯಾರೂ ಇಲ್ಲ, ತೆಳುನೀಲಿ ಹೊಗೆಯ ಒಂದು ಪಟ್ಟಿ ಮಾತ್ರ ಸಮುದ್ರದ ಕಡೆಗೆ ನೇರ ಚಾಚಿತ್ತು. ಲುದೋವಿಕ್‌ನ ಮೆಕ್ಯಾನಿಕ್ ಅದರೊಳಗೆ ನಿಂತು ಕೆಮ್ಮುತ್ತಿದ್ದ.

"ಹೋಯ್ತಾ ಆ ಕಾಫಿ ಮಷಿನ್ನು?" ಎಂದ.

"ಹೋಯ್ತು!" ಎಂದೆ. "ಹೋಯ್ತು ಮಾರಾಯ, ಹೋಯ್ತು!"