ಖಂಪಾನಮ್ಮನ ಮನೆಗೆ ಅಳಿಯ ಬೇಕಾಗಿದ್ದಾನೆ

ನಮ್ಮ ಸುತ್ತಿನ ಏಳೂರು ಹುಡುಕಿ ನೋಡಿ, ಲೌಡ್‌ಸ್ಪೀಕರಿನಲ್ಲಿ ಒಂದು ಪ್ರಕಟಣೆ ಓದಿ ಹೆಂಡತಿ ಸಂಪಾದಿಸಿದ ಗಂಡಸು ನಾನೊಬ್ಬನೇ. ಉಳಿದವರು ಮೂರು ವರ್ಷ ಹುಡುಗಿಯ ಮಗ್ಗದ ಪಕ್ಕ ಕೂತು ಹಾಡು ಹೇಳಬೇಕು, ಅವರಪ್ಪನ ಕೋಣಕ್ಕೆ ನೀರು ಕುಡಿಸಬೇಕು, ಅವರಮ್ಮನ ಹುಳಿಮೀನು ಚೆನ್ನಾಗಿದೆ ಎಂದು ಸುಳ್ಳು ಹೇಳಬೇಕು. ನಾನು ಒಂದು ಬೆಳಗ್ಗೆ ಮೈಕು ಹಿಡಿದೆ, ಮುಂದಿನ ನಾಟಿಯ ಹೊತ್ತಿಗೆ ಅಳಿಯನಾಗಿದ್ದೆ. ನಲವತ್ತು ಗಂಡುಗಳು ಸಾಲು ನಿಂತಿದ್ದರು. ಅಷ್ಟು ಜನರಲ್ಲಿ ಪಿಕುಲ್ ಆರಿಸಿಕೊಂಡದ್ದು ನನ್ನ ಧ್ವನಿಯನ್ನು. ನಂಬಿಕೆ ಬರದಿದ್ದರೆ ಕೂತು ಕೇಳಿ. ಹೀರೋ ಬರುವುದು ಯಾವಾಗಲೂ ಸ್ವಲ್ಪ ತಡ.

ಮೈಕು ನನ್ನ ಕೈಗೆ ಬಂದದ್ದು ಪಟೇಲ ಬುನ್‌ಥಾನ್ ಅವರ ಹಲ್ಲಿನ ದೆಸೆಯಿಂದ. ನಮ್ಮೂರಿನಲ್ಲಿ ಏನು ಬೇಕಿದ್ದರೂ, ಏನು ಕಳೆದಿದ್ದರೂ, ಏನು ಮಾರುವುದಿದ್ದರೂ ಒಂದು ಚೀಟಿ ಬರೆದು, ಕಂಬಗಳ ಮೇಲೆ ನಿಂತ ಪಟೇಲರ ಮನೆಯ ಏಣಿಗೆ ತೂಗುಹಾಕಿದ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಾರೆ. ಭಿಕ್ಷುಗಳು ಅನ್ನದ ಪಾತ್ರೆ ಹಿಡಿದು ಬೀದಿ ಸುತ್ತಿ ಹೋದ ಮೇಲೆ ಪಟೇಲರು ಚೀಟಿಗಳನ್ನು ಮೈಕಿನಲ್ಲಿ ಓದುತ್ತಾರೆ. ಆ ವರ್ಷ ಅವರ ಮುಂದಿನ ಹಲ್ಲು ನಾಲ್ಕೂ ಉದುರಿದವು. ಅವರು ಲಸಿಕೆಯ ಸುದ್ದಿ ಹೇಳಿದರೆ ಯಾರೋ ಒಲೆ ಊದಿದ ಹಾಗಿರುತ್ತಿತ್ತು.

"ಲೋ ಕೆಂಗ್, ನಿಂಗೆ ಬಾಯಿ ಒಂದು ನೆಟ್ಟಗಿದೆ. ನಾಳೆಯಿಂದ ನೀನೇ ಓದು" ಎಂದರು ಪಟೇಲರು. "ಆದ್ರೆ ಒಂದು ಮಾತು. ಚೀಟಿಲಿ ಇಲ್ಲದ್ದು ಒಂದು ಅಕ್ಷರ ಬಂದ್ರೂ ನೀನು ಈ ಏಣಿ ಇಳಿದ ಹಾಗೆ."

ಬಾಯಿ ನೆಟ್ಟಗಿರದೆ ಏನು. ವರ್ಷಕ್ಕೆರಡು ಸಲ ಸಿನಿಮಾ ಲಾರಿ ಬಂದು ಗದ್ದೆಯಲ್ಲಿ ಪರದೆ ಕಟ್ಟುತ್ತಿತ್ತು. ಅದರ ಪಕ್ಕ ಒಬ್ಬನೇ ಮನುಷ್ಯ ಕೂತು ಹೀರೋಗೆ, ಹೀರೋಯಿನ್‌ಗೆ, ಖಳನಿಗೆ, ಸಾಯುವ ಅಜ್ಜಿಗೆ, ಬೊಗಳುವ ನಾಯಿಗೆ ಎಲ್ಲರಿಗೂ ಮಾತು ಕೊಡುತ್ತಿದ್ದ. ನಾನು ಅವನ ಕಾಲ ಬುಡದಲ್ಲಿ ಬೆಳೆದವನು. ಚೀಟಿಯಲ್ಲಿ "ಕರಿ ಕೋಣ ಕಳೆದಿದೆ, ಎಡಗೊಂಬು ಮುರಿದಿದೆ" ಎಂದಷ್ಟೇ ಇದ್ದರೆ ನಾನು ಅಕ್ಷರ ಸೇರಿಸುತ್ತಿರಲಿಲ್ಲ, ಧ್ವನಿ ಸೇರಿಸುತ್ತಿದ್ದೆ. "ಕರಿ ಕೋಣ..." ಎಂದು ನಿಲ್ಲಿಸಿ, ಒಂದು ಉಸಿರು ಬಿಟ್ಟು, "ಕಳೆದಿದೆ" ಎನ್ನುವಷ್ಟರಲ್ಲಿ ಕಣದಲ್ಲಿದ್ದ ಹೆಂಗಸರು ಬತ್ತ ಬಡಿಯುವುದನ್ನು ನಿಲ್ಲಿಸುತ್ತಿದ್ದರು. ಹಂದಿಮರಿ ಮಾರಾಟಕ್ಕಿದೆ ಎಂದು ನಾನು ಓದಿದ ದಿನ ಒಬ್ಬ ಮುದುಕಿ ಅತ್ತಿದ್ದಳು. ನಂಬಿ.

ಒಂದು ವಿಷಯ ಮಾತ್ರ ಗೊತ್ತಿರಲಿ. ಲೌಡ್‌ಸ್ಪೀಕರಿನ ಕಂಬಕ್ಕೆ ಎರಡು ಹಾರ್ನ್. ಒಂದು ಮನೆಗಳ ಕಡೆ, ಇನ್ನೊಂದು ಅಜ್ಜನ ಬನದ ಕಡೆ. ಅಜ್ಜ ಎಂದರೆ ಊರು ಕಾಯುವ ದೈವ. ಹಾರ್ನಿನಲ್ಲಿ ಹೇಳಿದ್ದನ್ನು ಊರು ಕೇಳಿದಂತೆ ಅಜ್ಜನೂ ಕೇಳುತ್ತಾನೆ, ಆದ್ದರಿಂದ ಅದು ಬರೀ ಸುದ್ದಿಯಲ್ಲ, ಕೊಟ್ಟ ಮಾತು. ವಾಪಸ್ ತೆಗೆದುಕೊಳ್ಳುವುದಾದರೆ ಯಾವ ಬಾಯಿ ಹೇಳಿತೋ ಅದೇ ಬಾಯಿ ಅದೇ ಹಾರ್ನಿನಲ್ಲಿ ಇಲ್ಲ ಎನ್ನಬೇಕು. ಹಿಂದೊಮ್ಮೆ ಥೋಂಗ್‌ಯೂ ತಾತ ಹಂದಿ ಮಾರುತ್ತೇನೆ ಎಂದು ತಾನೇ ಮೈಕಿನಲ್ಲಿ ಹೇಳಿ, ಮನಸ್ಸು ಬದಲಾಗಿ, ಇಲ್ಲ ಎನ್ನಲು ಮಗಳನ್ನು ಕಳಿಸಿದ. ಆ ಬೇಸಿಗೆ ಅವನ ಕೆರೆಯ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲಿದವು. ಅಂದಿನಿಂದ ಯಾರೂ ಆ ತಪ್ಪು ಮಾಡಿಲ್ಲ.

ಈಗ ಖಂಪಾನಮ್ಮನಿಗೆ ಬರೋಣ. ವಿಧವೆ. ಮೂವರು ಹೆಣ್ಣುಮಕ್ಕಳು. ಹಿರಿಯರಿಬ್ಬರೂ ಗಂಡಂದಿರ ಜೊತೆ ಪಕ್ಕದಲ್ಲೇ ಮನೆ ಕಟ್ಟಿಕೊಂಡಿದ್ದರು. ನಮ್ಮ ಕಡೆ ಗಂಡು ಹೆಣ್ಣಿನ ಮನೆಗೆ ಬರುತ್ತಾನೆ, ತಾಯಿಯ ಮನೆ ಕಿರಿಮಗಳಿಗೆ ಉಳಿಯುತ್ತದೆ. ಕಿರಿಯವಳು ಪಿಕುಲ್, ನನ್ನ ವಾರಿಗೆಯವಳು. ಅವಳಿಗೆ ಖೋನ್ ಕೇನ್ ಪಟ್ಟಣದಲ್ಲಿ ಸೂಲಗಿತ್ತಿ ತರಬೇತಿಗೆ ಸೀಟು ಸಿಕ್ಕಿತ್ತು. ನಮ್ಮ ಹೋಬಳಿಗೆಲ್ಲ ಸೇರಿ ಎರಡೇ ಸೀಟು. ಹುಣ್ಣಿಮೆಯ ಮಾರನೇ ದಿನ ಹಾಜರಾಗಬೇಕು, ಇಲ್ಲದಿದ್ದರೆ ಪಟ್ಟಿಯಲ್ಲಿ ಮುಂದಿನ ಹುಡುಗಿಗೆ. ತಾಯಿ ಬೇಡ ಎಂದಿರಲಿಲ್ಲ, ಹೂಂ ಎಂದೂ ಇರಲಿಲ್ಲ. ಪಿಕುಲ್ ಬಟ್ಟೆಯ ಚೀಲ ಹೊಲಿದು ಇಟ್ಟಿದ್ದಳು.

ಒಕ್ಕಣೆಯ ದಿನ ನಾನು ಖಂಪಾನಮ್ಮನ ಕಣದಲ್ಲಿ ಸಿವುಡುಗಳ ಮೇಲೆ ಹತ್ತಿ ಒಂದು ಹೊಡೆದಾಟದ ಸೀನು ತೋರಿಸಿದೆ. ಖಳನೂ ನಾನೇ, ಹೀರೋನೂ ನಾನೇ. ಖಳ ಬಿದ್ದಾಗ ಅರ್ಧ ಮೆದೆಯೂ ಬಿತ್ತು.

"ನಿನ್ನ ಬಾಯಿಗೆ ಹೊಟ್ಟು ತುಂಬಿ ಹೊಲೀಬೇಕು ಕಣೋ" ಎಂದಳು ಖಂಪಾನಮ್ಮ, ಇಪ್ಪತ್ತು ಜನರ ಮುಂದೆ. "ಇಂಥವನ್ನ ಹೆತ್ತವಳಿಗೆ ಆ ಹೊತ್ತಲ್ಲಿ ಒಂದು ಬುಟ್ಟಿ ಹೆಣೆಯೋಕೆ ಕೂತಿದ್ರೆ ಬುಟ್ಟಿಯಾದ್ರೂ ಸಿಗ್ತಿತ್ತು."

ಎಲ್ಲರೂ ನಕ್ಕರು. ನನ್ನಮ್ಮನೂ ನಕ್ಕಳು. ಸರಿ, ನನ್ನ ಹತ್ತಿರ ಮೈಕಿದೆ.

ಮರುದಿನ ಬೆಳಗ್ಗೆ ಬಾತುಕೋಳಿ, ಬಿತ್ತನೆ ಬೆಳ್ಳುಳ್ಳಿ ಎಲ್ಲ ಓದಿ ಮುಗಿಸಿ, ಗಂಟಲು ಸರಿಮಾಡಿಕೊಂಡು ಹೇಳಿದೆ. "ಖಂಪಾನಮ್ಮನ ಮನೆಗೆ ಅಳಿಯ ಬೇಕಾಗಿದ್ದಾನೆ. ಎರಡು ಕೋಣದಷ್ಟು ದುಡಿಯಬೇಕು, ಅರ್ಧ ಕೋಳಿಯಷ್ಟು ಉಣ್ಣಬೇಕು. ಸ್ವಂತ ಕುಡುಗೋಲು ಇದ್ದವರಿಗೆ ಆದ್ಯತೆ. ಬೈಗುಳ ಮನೆಯಲ್ಲೇ ಧಾರಾಳವಾಗಿದೆ, ಹೊರಗಿನಿಂದ ತರುವಂತಿಲ್ಲ. ಕಿವುಡರೂ ಅರ್ಜಿ ಹಾಕಬಹುದು, ಅವರೇ ಬಾಳುವುದು."

ಊರು ನಕ್ಕ ಸದ್ದು ಕಿಟಕಿಯಿಂದ ಒಳಗೆ ಬಂತು. ಖಂಪಾನಮ್ಮ ಒನಕೆ ಹಿಡಿದು ಬರುತ್ತಾಳೆ ಎಂದು ನಾನು ಹಿಂದಿನ ಏಣಿಯ ಹತ್ತಿರ ನಿಂತಿದ್ದೆ. ಬಂದಳು. ಕೈಯಲ್ಲಿ ಒನಕೆ ಇರಲಿಲ್ಲ. ಬಾಳೆ ಎಲೆಯಲ್ಲಿ ಅಜ್ಜನಿಗೆಂದು ಹೂವು, ಐದು ಜೊತೆ ಮೇಣದಬತ್ತಿ ಇದ್ದವು. ಮುಖ ಬಿಳಿಚಿಕೊಂಡಿತ್ತು.

"ಪಟೇಲ್ರೇ, ಆ ಚೀಟಿ ನಾನು ಹಾಕಿಲ್ಲ. ನಮ್ಮನೇಲಿ ಯಾರೂ ಹಾಕಿಲ್ಲ."

ಪಟೇಲರು ನನ್ನ ಕಡೆ ತಿರುಗಿದರು. "ಚೀಟಿ ಎಲ್ಲೋ?"

ಏಣಿ ಇಳಿಯುವುದಕ್ಕೆ ಅದೇ ಗಳಿಗೆ. ತಮಾಷೆ ದೊಡ್ಡಪ್ಪ, ತಪ್ಪಾಯ್ತು ಎಂದರೆ ಒಂದು ಏಟು, ಒಂದು ದಿನದ ನಗು, ಮೈಕು ಹೋಯಿತು. ನಾನು ಅಂದೆ, "ಡಬ್ಬೀಲಿತ್ತು ದೊಡ್ಡಪ್ಪ. ಯಾರ ಅಕ್ಷರ ಅಂತ ಗೊತ್ತಾಗ್ಲಿಲ್ಲ. ಓದಿ ಒಲೆಗೆ ಹಾಕ್ದೆ, ದಿನಾ ಹಾಕೋ ಹಂಗೆ."

"ಅಕ್ಷರ ಗೊತ್ತಾಗ್ಲಿಲ್ವಾ?" ಖಂಪಾನಮ್ಮ ಕೇಳಿದಳು, ಬಹಳ ಮೆಲ್ಲಗೆ.

"ಹಳೇ ಕಾಲದ ಅಕ್ಷರ ಇದ್ದಂಗಿತ್ತು ಖಂಪಾನಮ್ಮ."

ಅದನ್ನು ಯಾಕೆ ಸೇರಿಸಿದೆನೋ. ಸುಳ್ಳಿಗೂ ಒಂದು ಕ್ಲೈಮ್ಯಾಕ್ಸ್ ಇರಲಿ ಎಂಬ ಚಟ.

ಅವಳು ಅಲ್ಲೇ ಕೂತು ಬನದ ಕಡೆ ಕೈ ಮುಗಿದಳು. "ಅಜ್ಜನೇ ಬರೆಸಿದ್ದು. ಕಿರಿಮಗಳನ್ನ ಕಳಿಸೋಕೆ ಹೊರಟಿದ್ದೆನಲ್ಲ, ಅದಕ್ಕೆ."

"ಅರ್ಧ ಕೋಳಿ ಅಂತೆಲ್ಲ ಅಜ್ಜ ಹೇಳ್ತಾನೇನಮ್ಮ" ಎಂದರು ಪಟೇಲರು.

"ಬದುಕಿದ್ದಾಗ ಅವನೂ ತಮಾಷೆ ಮನುಷ್ಯನೇ ಅಂತೆ. ನಮ್ಮಜ್ಜಿ ಹೇಳೋಳು."

ಅಲ್ಲಿಗೆ ಮುಗಿಯಿತು. ಅಳಿಯ ಬರುವ ತನಕ, ಇಲ್ಲವೇ ಹೇಳಿದ ಬಾಯಿ ಇಲ್ಲ ಎನ್ನುವ ತನಕ, ಪಿಕುಲ್ ಊರ ಗಡಿ ದಾಟುವಂತಿಲ್ಲ. ದಾಟಿದರೆ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿಯುತ್ತಾರೆ. ಹಿರಿಯ ಅಕ್ಕನಿಗೆ ಆಗ ಏಳು ತಿಂಗಳು.

ಆ ಸಂಜೆ ಪಿಕುಲ್ ಕೆರೆಯ ಹತ್ತಿರ ಸಿಕ್ಕಳು. ಸಿಕ್ಕಳು ಎಂದರೆ, ಕಾದಿದ್ದಳು.

"ಚೀಟಿ ಇರ್ಲಿಲ್ಲ ತಾನೇ?"

"ಇತ್ತು."

"ಕಿವುಡರೂ ಅರ್ಜಿ ಹಾಕಬಹುದು ಅನ್ನೋದು ಈ ಊರಲ್ಲಿ ಇನ್ಯಾರ ತಲೇಲಿ ಹುಟ್ಟುತ್ತೆ ಹೇಳು."

ನಾನು ಎದೆಯ ಮೇಲೆ ಕೈಯಿಟ್ಟು ಶುರು ಮಾಡಿದೆ. "ಪಿಕುಲ್, ಈ ಲೋಕದಲ್ಲಿ ಸತ್ಯ ಅನ್ನೋದು ನದಿಯ ಆಚೆ ದಡದಲ್ಲಿ—"

"ಡೈಲಾಗ್ ಬೇಡ" ಎಂದಳು. ಬೈಯಲಿಲ್ಲ. "ಬಸ್ಸಿಗೆ ಹನ್ನೊಂದು ದಿನ ಇದೆ. ಒಂದು ಬೆಳಗ್ಗೆ, ಒಂದೇ ಮಾತು. ತಮಾಷೆಗೆ ಹೇಳಿದ್ದು ಅನ್ನು. ನಾನು ಹೋಗ್ತೀನಿ. ನಿನ್ನನ್ನ ಯಾರೂ ಕೊಲ್ಲಲ್ಲ ಕೆಂಗ್."

"ಮೈಕು ಕಿತ್ಕೋತಾರೆ."

"ಹೂಂ. ಮೈಕು ಕಿತ್ಕೋತಾರೆ."

ಅವಳು ಅದನ್ನು ಹೇಳಿದ ರೀತಿಯಲ್ಲಿ ನನ್ನ ಮೈಕು ಬಿಸ್ಕತ್ತಿನ ಡಬ್ಬಿಗಿಂತ ಸಣ್ಣದಾಯಿತು. ನಾಳೆ ಹೇಳುತ್ತೇನೆ ಎಂದೆ.

ಮರುದಿನ ಬೆಳಗ್ಗೆ ಕಿಟಕಿಯಿಂದ ನೋಡಿದರೆ, ಎದುರಿನ ಹುಣಸೆಮರದ ಕೆಳಗೆ ಪಿಕುಲ್. ಚಳಿಗೆ ನೀಲಿ ಹೊದಿಕೆಯಲ್ಲಿ ಕೈ ಮುಚ್ಚಿಕೊಂಡು, ತಲೆಯೆತ್ತಿ ಹಾರ್ನನ್ನೇ ನೋಡುತ್ತಿದ್ದಳು. ನಾನು ಬೆಳ್ಳುಳ್ಳಿ ಓದಿದೆ. ಹಳೇ ನೀರೆತ್ತುವ ಪಂಪು ಓದಿದೆ. ಪಂಪನ್ನು ಯಾರೂ ಅಷ್ಟು ಚೆನ್ನಾಗಿ ಓದಿರಲಾರರು. ಮುಗಿಸಿದೆ. ಅವಳು ಸ್ವಲ್ಪ ಹೊತ್ತು ನಿಂತು, ಇನ್ನೇನಾದರೂ ಬರುತ್ತದೇನೋ ಎಂದು ಕಾದು, ಹೋದಳು.

ಹೀಗೇ ಇನ್ನೂ ಒಂಬತ್ತು ಬೆಳಗು. ಒಂದು ದಿನ ಪಟೇಲರು ಪಕ್ಕದಲ್ಲೇ ಕೂತಿದ್ದರು, ಹೇಗೆ ಹೇಳಲಿ. ಒಂದು ದಿನ ಅಮ್ಮನಿಗೆ ಹಲ್ಲುನೋವು, ಅವಮಾನವೂ ಯಾಕೆ ಜೊತೆಗೆ. ಒಂದು ದಿನ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಅವಳು ಬಂದಿದ್ದಾಳೋ ಇಲ್ಲವೋ ಕಾಣಿಸಲಿಲ್ಲ. ಮಂಜು ಕರಗಿದಾಗ ಅದೇ ಜಾಗದಲ್ಲಿದ್ದಳು. ಊರಿನವರು ಅವಳನ್ನು ಛೇಡಿಸತೊಡಗಿದರು. "ಏನಮ್ಮ, ಗಂಡು ಹಾರ್ನಿನಿಂದ ಉದುರ್ತಾನಾ?" ಅವಳು ಹಗಲೆಲ್ಲ ಮನೆಯ ಕೆಳಗೆ ಮಗ್ಗದಲ್ಲಿ ಕೂತಿರುತ್ತಿದ್ದಳು. ಖಂಪಾನಮ್ಮ ಅವಳ ಚೀಲ ಬಿಚ್ಚಿ ಬಿತ್ತನೆ ಬತ್ತ ತುಂಬಿದಳು. ಪಿಕುಲ್ ಬತ್ತ ಸುರಿದು ಮತ್ತೆ ಬಟ್ಟೆ ಜೋಡಿಸಿದಳು. ಇದನ್ನು ಅವಳ ಎರಡನೇ ಅಕ್ಕ ನಗುತ್ತಾ ನನಗೆ ಹೇಳಿದಳು, ನಾನೂ ನಕ್ಕೆ.

ಬಸ್ಸಿನ ದಿನ ಡಬ್ಬಿಯಲ್ಲಿ ಒಂದೇ ಚೀಟಿ ಇತ್ತು. ದುಂಡಗಿನ ಅಕ್ಷರ, ಸಹಿ ಸಮೇತ. "ಖಂಪಾನಮ್ಮನ ಮನೆಗೆ ಅಳಿಯ ಬೇಕಾಗಿಲ್ಲ. ಮೊದಲು ಹೇಳಿದ್ದು ತಮಾಷೆ. ದಯವಿಟ್ಟು ಓದು. ಪಿಕುಲ್."

ಹೊರಗೆ ಹುಣಸೆಮರದ ಕೆಳಗೆ ಅವಳು, ಕಾಲ ಬಳಿ ಚೀಲ. ಅವಳ ಪಕ್ಕ ತಾಯಿ. ಖಂಪಾನಮ್ಮನೂ ತಲೆಯೆತ್ತಿ ನೋಡುತ್ತಿದ್ದಳು. ಆ ಬಾಯಿ ಇಲ್ಲ ಎಂದರೆ ಕಳಿಸುತ್ತೇನೆ ಎಂದು ಹಿಂದಿನ ರಾತ್ರಿ ಒಪ್ಪಿಕೊಂಡಿದ್ದಳಂತೆ. ಹೆದ್ದಾರಿಯಲ್ಲಿ ಬಸ್ಸು ಹಾರ್ನ್ ಹೊಡೆಯಿತು. ನಾನು ಮೈಕಿನ ಗುಂಡಿ ಒತ್ತಿದೆ. ಸದ್ದಿಲ್ಲ. ಮತ್ತೆ ಒತ್ತಿದೆ. ಬ್ಯಾಟರಿ ಸತ್ತಿತ್ತು. ಕಿಟಕಿಯಿಂದ ತಲೆ ಹೊರಹಾಕಿ "ಬ್ಯಾಟರಿ ಹೋಗಿದೆ" ಎಂದು ಕೂಗಿದೆ. ಕಿಟಕಿಯಿಂದ ಕೂಗಿದ್ದು ಅಜ್ಜನಿಗೆ ಸಲ್ಲುವುದಿಲ್ಲ. ಬಸ್ಸು ಹೋಯಿತು. ಧೂಳು ಇಳಿಯುವ ತನಕ ನಿಂತಿದ್ದು ಅವಳು ಚೀಲ ಎತ್ತಿಕೊಂಡಳು.

ಊರಿಗೆ ಇಂದಿಗೂ ಗೊತ್ತಿರುವುದು ಇಷ್ಟೇ, ಬ್ಯಾಟರಿ ಕೈಕೊಟ್ಟಿತು.

ಆಮೇಲೆ ಮದುವೆ. ಎರಡು ತಿಂಗಳು ಕಾದ ಮೇಲೆ ಖಂಪಾನಮ್ಮ ನಮ್ಮ ಮನೆಗೆ ಎಲೆ ಅಡಿಕೆ ತಂದಳು. ಕರೆದದ್ದು ನಿನ್ನ ಮಗನ ಧ್ವನಿಯಲ್ಲಿ, ಬರಬೇಕಾದವನೂ ಅವನೇ ಇರಬೇಕು ಎಂದಳು. ನನ್ನಮ್ಮ ಒಪ್ಪಿದಳು. ಪಿಕುಲ್‌ಳನ್ನು ಕೇಳಿದರು. "ಆಗ್ಲಿ" ಎಂದಳು, ನೂಲಿನಿಂದ ಕಣ್ಣೆತ್ತದೆ. ನಾಲ್ಕು ವರ್ಷವಾಯಿತು. ಅತ್ತೆಯ ಮನೆಯಲ್ಲಿ ಅಳಿಯ ಗಂಟಲೆತ್ತುವಂತಿಲ್ಲ, ಅದು ಮನೆದೈವಕ್ಕೆ ಮೈಲಿಗೆ. ಉಪ್ಪು ಬೇಕಾದರೂ ಮೆಲ್ಲಗೆ ಕೇಳುತ್ತೇನೆ. ಬೆಳಗಿನ ಹೊತ್ತು ಅತ್ತೆಯ ಕೆಲಸಕ್ಕೆ ಸೇರಿದ್ದರಿಂದ ಮೈಕು ಪಟೇಲರ ಸೋದರಳಿಯನ ಕೈಗೆ ಹೋಗಿದೆ, ಅವನು ಚೀಟಿಗಳನ್ನು ಔಷಧಿಯ ಹಾಗೆ ನುಂಗುತ್ತಾನೆ. ನಸುಕಿಗೆ ಎದ್ದು ಕೋಣಗಳನ್ನು ಬಿಚ್ಚಿಕೊಂಡು ಹೋಗುತ್ತೇನೆ, ಕತ್ತಲಾದ ಮೇಲೆ ಕಟ್ಟುತ್ತೇನೆ. ಪಿಕುಲ್ ಚೆನ್ನಾಗಿಯೇ ನೋಡಿಕೊಳ್ಳುತ್ತಾಳೆ. ಊಟಕ್ಕೆ ಕರೆಯುತ್ತಾಳೆ, ಜ್ವರ ಬಂದರೆ ಹಣೆ ಮುಟ್ಟುತ್ತಾಳೆ. ನಾನು ಏನಾದರೂ ಹೇಳಲು ಹೊರಟರೆ ಅವಳು ಹುರಿಗೊಳಿಸಲು ಒಂದು ನೂಲೆಳೆ ಹುಡುಕಿಕೊಳ್ಳುತ್ತಾಳೆ. ಅಕ್ಕಂದಿರ ಹೆರಿಗೆಗೆ ಪಕ್ಕದೂರಿನಿಂದ ತರಬೇತಿಯಾದ ಹುಡುಗಿ ಬರುತ್ತಾಳೆ, ಆ ಪಟ್ಟಿಯಲ್ಲಿ ಮುಂದಿದ್ದವಳು. ಅವಳ ಕೈಗೆ ಪಿಕುಲ್ ಬಿಸಿನೀರು ಎತ್ತಿಕೊಡುತ್ತಾಳೆ.

ನಲವತ್ತು ಗಂಡುಗಳು ಎಂದೆನಲ್ಲ, ಒಬ್ಬನೂ ಬಂದಿರಲಿಲ್ಲ. ಆರಿಸಿಕೊಂಡಳು ಎಂದೆನಲ್ಲ, ಅವಳ ಮುಂದೆ ಇನ್ನೇನೂ ಇರಲಿಲ್ಲ.

ಬ್ಯಾಟರಿಯೂ ಸತ್ತಿರಲಿಲ್ಲ. ಹಿಂದಿನ ದಿನವೇ ಚಾರ್ಜು ಮಾಡಿಸಿ, ಸೈಕಲ್ಲಿನ ಹಿಂದೆ ಕಟ್ಟಿಕೊಂಡು ತಂದಿದ್ದೆ. ಚೀಟಿ ಓದಿಕೊಂಡೆ. ಓದಲೇಬೇಕೆಂದು ಮೈಕು ಬಾಯಿಯ ಹತ್ತಿರ ತಂದೆ ಕೂಡ. ಆಮೇಲೆ ಬಗ್ಗಿ ಕೆಂಪು ತಂತಿ ಕಳಚಿ, ಬೆರಳ ಮಧ್ಯೆ ಹಿಡಿದುಕೊಂಡೇ ಕಿಟಕಿಯಿಂದ ಕೂಗಿದೆ. ಮೈಕು ಹೋಗುತ್ತದೆಂಬ ಹೆದರಿಕೆ ಎಂದು ನನಗೆ ನಾನೇ ಬಹಳ ದಿನ ಹೇಳಿಕೊಂಡಿದ್ದೆ. ಅದು ಅರ್ಧ. ಹುಟ್ಟಿದ ಮೇಲೆ ನನ್ನ ಮಾತಿಗಾಗಿ ಹಾಗೆ ತಲೆಯೆತ್ತಿ ಕಾದವರು ಇನ್ನೊಬ್ಬರಿರಲಿಲ್ಲ. ನಾಳೆ ಬೆಳಗ್ಗೆಯೂ ಅವಳು ಆ ಮರದ ಕೆಳಗೆ ಬಂದು ನಿಲ್ಲಲಿ ಎಂದಷ್ಟೇ ಆ ತಂತಿ ಕಳಚಿದ್ದು.

ಮರುದಿನ ಅವಳು ಬರಲಿಲ್ಲ.