ಓದುವಾಗ ನಿಂತವರು

ತೊಲೊಗೊನ್ ಉಯಿಲಿನ ಕಾಗದ ಬಿಡಿಸಿ ಮೊದಲ ಸಾಲು ಓದುವಷ್ಟರಲ್ಲೇ ಅಂಗಳದ ತುಂಬ ಬಿಕ್ಕಳಿಕೆ ಶುರುವಾಯಿತು.

ಉಣ್ಣೆಗುಡಾರದೊಳಗೆ, ತೀರಿಕೊಂಡ ಕಲೀಪಾ ಟೀಚರನ್ನು ಮಲಗಿಸಿದ್ದ ಪರದೆಯ ಪಕ್ಕದಲ್ಲಿ, ಹೆಂಗಸರ ಸಾಲಿನಲ್ಲಿ ಕೂತಿದ್ದ ದಾಮಿರಾಗೆ ಅವನ ದನಿ ಮಾತ್ರ ಕೇಳಿಸುತ್ತಿತ್ತು. ಎಂಥ ದನಿ! ಊರಿನ ಮುಖ್ಯಸ್ಥನಾಗಿ ಹನ್ನೆರಡು ವರ್ಷದಿಂದ ಮದುವೆಯಿರಲಿ, ಮಣ್ಣಿರಲಿ, ಕಾಗದ ಓದುವುದೆಂದರೆ ತೊಲೊಗೊನನೇ ಆಗಬೇಕು. ಎಲ್ಲೂ ತಡವರಿಸುವವನಲ್ಲ.

“ನನ್ನ ಹೆಸರಲ್ಲಿ ಪ್ರಾಣಿ ಕೊಯ್ಯಬೇಡಿ,” ಎಂದು ಆ ದನಿ ಓದಿತು. “ಬಂದವರಿಗೆ ಚಹಾ, ರೊಟ್ಟಿ ಕೊಟ್ಟರೆ ಸಾಕು. ನನ್ನ ಕಂದು ಹೆಣ್ಣುಗುದುರೆಯನ್ನು ಕುರುಬ ಜಪಾರನ ಮಗಳು ಬೇಗಿಮ್‌ಗೆ ಕೊಡಿ. ಸೇತುವೆ ಬಿದ್ದು ಎರಡು ವರ್ಷವಾಯಿತು. ನದಿ ದಾಟಿ ಶಾಲೆಗೆ ಬರಲು ಆ ಮಗುವಿಗೆ ಬೇರೆ ದಾರಿಯಿಲ್ಲ. ನೀವೆಲ್ಲ ಚೆನ್ನಾಗಿರಿ.”

ಹೊರಗೆ ಕೋಲೂರಿ ನಿಂತಿದ್ದ ಗಂಡಸರು “ಅಯ್ಯೋ, ನಮ್ಮ ಟೀಚರಮ್ಮಾ!” ಎಂದು ಒಟ್ಟಿಗೆ ಗೋಳಿಟ್ಟರು.

“ಎಷ್ಟು ಚೆನ್ನಾಗಿ ಓದ್ದ ನೋಡೇ, ಕರುಳು ಹಿಂಡ್ಬಿಟ್ಟ,” ಎಂದು ಪಕ್ಕದ ಮುದುಕಿ ಮೂಗು ಒರೆಸಿಕೊಂಡಳು.

“ಕಲ್ಸಿದ್ದು ಯಾರು ಮತ್ತೆ? ಇವ್ರೇ ಅಲ್ವಾ,” ಎಂದಳು ಇನ್ನೊಬ್ಬಳು.

ಅಷ್ಟರಲ್ಲಿ ಕಲೀಪಾಳ ತಮ್ಮನ ಮಗ ಕುಬಾತ್ ಹೊರಗೆ ಕೂಗಿ ಹೇಳಿದ. “ಹೊತ್ತಾಯ್ತು ಕಣ್ರೋ. ಒಲೆ ಹಚ್ಚಿ. ಕುದುರೇನ ಹಿಡ್ಕೊಂಡು ಬನ್ನಿ.”

ಆ ಊರಲ್ಲಿ ಸಾವಿನ ಊಟಕ್ಕೆ ಕುದುರೆ ಕೊಯ್ಯುವುದು ರೂಢಿ, ಆ ಅಂಗಳದಲ್ಲಿದ್ದದ್ದು ಟೀಚರ ಕಂದು ಕುದುರೆ ಒಂದೇ. ದಾಮಿರಾ ತಾನು ಕೇಳಿದ್ದು ತಪ್ಪಿರಬೇಕು ಎಂದುಕೊಂಡಳು.

*

ಇಪ್ಪತ್ತೆಂಟು ವರ್ಷದ ಹಿಂದೆ ಆ ಊರಿನ ಶಾಲೆಯಲ್ಲಿ ಓದು ಎಂದರೆ ನಿಮಿಷಕ್ಕೆ ಎಷ್ಟು ಪದ ಎಂಬುದಷ್ಟೇ. ಜಿಲ್ಲಾ ಕಛೇರಿಯವರು ಸ್ಟಾಪ್‌ವಾಚ್ ಹಿಡಿದುಕೊಂಡು ಬರುತ್ತಿದ್ದರು. ನಾಲ್ಕನೇ ತರಗತಿಯ ತೊಲೊಗೊನ್ ನೂರ ಎಂಬತ್ತು ಪದ ಓದಿ ಜಿಲ್ಲೆಗೇ ಮೊದಲಿಗನಾದ. ಊರಿಗೆ ಊರೇ ಬೀಗಿತು. ಕಲೀಪಾ ಟೀಚರಿಗೆ ಮಾತ್ರ ಒಳಗೊಳಗೇ ಅನುಮಾನ.

ಅವಳು ಅರ್ಧ ಪುಟದ ಕತೆಗಳನ್ನು ತಾನೇ ಬರೆದು, ಒಂದೊಂದರಲ್ಲೂ ಒಂದು ಅಸಂಬದ್ಧ ವಾಕ್ಯ ತುರುಕಿದಳು. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಓದಿಸಿದಳು. ಆ ವಾಕ್ಯದ ಬಳಿ ಎಷ್ಟು ಮಕ್ಕಳು ತಾವಾಗಿಯೇ ನಿಲ್ಲುತ್ತಾರೆ ಎಂದು ನೋಡುವುದಷ್ಟೇ ಅವಳ ಪರೀಕ್ಷೆ. ಉಪಮುಖ್ಯೋಪಾಧ್ಯಾಯಿನಿಯಾಗಿದ್ದ ದಾಮಿರಾ ಸಾಕ್ಷಿಗೆಂದು ಪಕ್ಕದಲ್ಲಿ ಕೂತಿದ್ದಳು.

ತೊಲೊಗೊನ್ ಗಾಳಿಯಂತೆ ಓದಿದ. “ಅಜ್ಜಿಯ ಬಾಯಲ್ಲಿ ಒಂದು ಹಲ್ಲೂ ಉಳಿದಿರಲಿಲ್ಲ. ಅಜ್ಜಿ ಅಕ್ರೋಟುಗಳನ್ನು ಹಲ್ಲಿನಲ್ಲಿ ಕಟಕಟ ಒಡೆದು ಮೊಮ್ಮಕ್ಕಳಿಗೆಲ್ಲ ಹಂಚಿದಳು.” ಮುಗಿಸಿ ಕೈಕಟ್ಟಿ ನಿಂತ.

“ಏನಿದೆಯೋ ಕತೇಲಿ?” ಎಂದಳು ಕಲೀಪಾ.

“ದೊಡ್ಡೋರಿಗೆ ಮರ್ಯಾದೆ ಕೊಡ್ಬೇಕು ಅಂತ ಇದೆ ಟೀಚರ್.”

“ಅಕ್ರೋಟು ಹೆಂಗೆ ಒಡೆದ್ಳು?”

“ಹಲ್ಲಲ್ಲಿ.”

“ಅಜ್ಜಿಗೆ ಹಲ್ಲಿತ್ತಾ?”

“ಇರ್ಲಿಲ್ಲ ಟೀಚರ್.”

ಎರಡು ಉತ್ತರವನ್ನೂ ಹುಡುಗ ಒಂದೇ ಖುಷಿಯಲ್ಲಿ ಕೊಟ್ಟ. ದಾಮಿರಾಗೆ ನಗು ತಡೆಯಲಾಗಲಿಲ್ಲ. ಕಲೀಪಾ ನಗಲಿಲ್ಲ. ನಲವತ್ತೊಂದು ಮಕ್ಕಳಲ್ಲಿ ಓದುವಾಗ ನಿಂತವರು ಮೂವರು.

*

ದಾಮಿರಾ ಎದ್ದಳು. ಹೆಣದ ಪಕ್ಕದಿಂದ ಹೀಗೆ ನಡುವೆ ಏಳುವ ಪದ್ಧತಿಯಿಲ್ಲ. ಯಾರೋ ಸೆರಗು ಜಗ್ಗಿದರು. ಬಿಡಿಸಿಕೊಂಡು ಹೊರಗೆ ಬಂದಳು. ಗುಡಾರದ ಬಾಗಿಲಲ್ಲಿ ತೊಲೊಗೊನ್ ಕನ್ನಡಕ ಮಡಚುತ್ತಿದ್ದ.

“ತೊಲೊಗೊನ್, ಈಗ ಓದಿದ್ಯಲ್ಲ, ಏನಿತ್ತು ಅದ್ರಲ್ಲಿ?”

“ಯಾಕೆ ಟೀಚರ್, ಕೇಳಿಸ್ಲಿಲ್ವಾ? ದನಿ ಏರ್ಸಿಯೇ ಓದ್ದೆನಲ್ಲ.”

“ಕೇಳಿಸ್ತು. ಏನಿತ್ತು ಹೇಳು.”

ಅವನು ಅವಳ ಮುಖ ನೋಡಿದ. ನಲವತ್ತರ ಹತ್ತಿರದ, ಹೊಟ್ಟೆ ಬಂದ ಗಂಡಸು ಕೈಕಟ್ಟಿಕೊಳ್ಳುವುದೊಂದು ಬಾಕಿ. “ಅದೇ... ಎಲ್ರೂ ಒಗ್ಗಟ್ಟಾಗಿರಿ, ಚೆನ್ನಾಗಿರಿ ಅಂತ. ದೊಡ್ಡ ಮನಸ್ಸು ಅವ್ರದು.”

“ಕುದುರೆ ವಿಷ್ಯ?”

“ಕುದುರೆ?” ಅವನು ಕಾಗದವನ್ನು ಮತ್ತೆ ಬಿಡಿಸಿದ. ಈ ಸಲ ತುಟಿ ಅಲುಗಿಸುತ್ತ ನಿಧಾನವಾಗಿ ಓದಿಕೊಂಡ. ಕಿವಿ ಕೆಂಪಾಯಿತು. “ಹೌದಲ್ಲ. ಕುಬಾತ್, ಏ ಕುಬಾತ್! ಬಾ ಇಲ್ಲಿ.”

ಅಂಗಿಯ ತೋಳು ಮಡಚಿಕೊಂಡಿದ್ದ ಕುಬಾತ್ ಬಂದ. ಅವನಿಗೆ ಎಲ್ಲವೂ ಗೊತ್ತಿತ್ತು.

“ಎಲ್ಲ ಉಯಿಲಲ್ಲೂ ಕೊಯ್ಬೇಡಿ ಅಂತಾನೇ ಬರೀತಾರೆ ಟೀಚರ್. ಯಾರು ಕೇಳ್ತಾರೆ ಅದ್ನ? ಇನ್ನೂರು ಜನ ಬಂದಿದಾರೆ. ಬರೀ ಚಹಾ ಕುಡಿಸಿ ಕಳಿಸಿದ್ರೆ, ಮಕ್ಕಳಿಲ್ದೋಳು ಅಂತ ನಾಯಿ ಹೂತಂಗೆ ಹೂತ್ರು ಅಂತಾರೆ.”

“ಅವ್ಳ ಕೊನೇ ಮಾತು ಕಣೋ ಅದು.”

“ಗೌರವಾನೂ ಕೊನೇದೇ. ಹೆಣದ ಮುಂದೆ ರಂಪ ಮಾಡ್ಬೇಡಿ, ಕೈ ಮುಗೀತೀನಿ.”

“ತೊಲೊಗೊನ್, ನೀನಾದ್ರೂ ಹೇಳೋ!”

ತೊಲೊಗೊನ್ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಎದೆಜೇಬಿಗೆ ಇಟ್ಟುಕೊಂಡ. “ಕುಟುಂಬದೋರ ವಿಷ್ಯ ಟೀಚರ್. ಜಪಾರನ ಮನೇನ ಮರೆಯೋಕಾಗಲ್ಲ. ನಾನು ನೋಡ್ಕೋತೀನಿ ಬಿಡಿ.”

ಕೊಟ್ಟಿಗೆಯ ಹಿಂದೆ ನಾಲ್ಕು ಜನ ಹಗ್ಗ ಹಿಡಿದು ಹೋದರು. ಇಬ್ಬರು ಹೆಂಗಸರು ದಾಮಿರಾಳ ತೋಳು ಹಿಡಿದು, ದುಃಖಕ್ಕೆ ತಲೆ ಕೆಟ್ಟಿದೆ ಪಾಪ ಎನ್ನುತ್ತ ಒಳಗೆ ಕರೆದೊಯ್ದರು. ಅವಳು ಹೋದಳು. ಕಿರುಚಬಹುದಿತ್ತು, ಅಡ್ಡ ಮಲಗಬಹುದಿತ್ತು. ಏನೂ ಮಾಡಲಿಲ್ಲ.

*

ಆ ಮೂವರ ಸಂಖ್ಯೆ ಹೆಚ್ಚಿಸಲು ಕಲೀಪಾ ಎರಡು ವರ್ಷ ಹೆಣಗಿದ್ದಳು. ಪುಸ್ತಕ ಮುಚ್ಚಿಸಿ ಹೇಳಿಸಿದಳು, ಓದಿದ್ದರ ಚಿತ್ರ ಬರೆಸಿದಳು, ಮಕ್ಕಳ ಕೈಯಲ್ಲೇ ಸುಳ್ಳು ವಾಕ್ಯ ಕಟ್ಟಿಸಿ ಒಬ್ಬರಿಂದೊಬ್ಬರಿಗೆ ಹುಡುಕಿಸಿದಳು. ಮೂರು ಒಂಬತ್ತಾಯಿತು. ಅದನ್ನೆಲ್ಲ ನಲವತ್ತು ಪುಟ ಬರೆದು, ಜಿಲ್ಲೆಗೆ ಕಳಿಸು ಎಂದು ದಾಮಿರಾಳ ಕೈಗಿತ್ತಳು.

ದಾಮಿರಾ ಒಂದು ವಾರ ಇಟ್ಟುಕೊಂಡು ಕೂತಳು. ನಲವತ್ತೊಂದರಲ್ಲಿ ಒಂಬತ್ತು ಎಂದು ಕಳಿಸಿದರೆ ಶಾಲೆಯ ಮಾನ ಏನಾಗಬೇಕು? ಒಂಬತ್ತನ್ನು ಮೂವತ್ತೊಂಬತ್ತು ಮಾಡಿದಳು. ಬರೀ ಒಂದು ಅಂಕಿ. ಜಿಲ್ಲೆಯಿಂದ ಪ್ರಶಸ್ತಿಪತ್ರ ಬಂತು, ಜೊತೆಗೆ ವರದಿಯೂ ಹಿಂದಕ್ಕೆ ಬಂತು. ಮೊದಲ ಪುಟದ ಮೇಲೆ ಮೊಹರು ಬಿದ್ದಿತ್ತು, ಒಳಗಿನ ಪುಟಗಳು ಅಂಟಿಕೊಂಡ ಹಾಗೇ ಇದ್ದವು. ಕಲೀಪಾ ಅವನ್ನು ಉಗುರಿನಿಂದ ಬಿಡಿಸಿ ಆ ಅಂಕಿಯನ್ನು ನೋಡಿದಳು.

“ನೀನಾದ್ರೂ ಓದಿದ್ಯಲ್ಲ,” ಎಂದಳು. ಅಷ್ಟೇ. ಮತ್ತೆಂದೂ ಆ ಮಾತು ಎತ್ತಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ದಾಮಿರಾಗೆ ಇಂದಿಗೂ ಅನ್ನಿಸುತ್ತದೆ.

ನಿವೃತ್ತಿಯ ನಂತರವೂ ಕಲೀಪಾ ವಾರಕ್ಕೆರಡು ದಿನ ಶಾಲೆಗೆ ಬಂದು ಓದಿಸುತ್ತಿದ್ದಳು. ಈ ಸಲದ ತರಗತಿಯಲ್ಲಿ ನಿಂತದ್ದು ಬೇಗಿಮ್ ಒಬ್ಬಳೇ. ನಿಂತಳು ಅಷ್ಟೇ ಅಲ್ಲ, “ಇದನ್ನ ಬರೆದೋರಿಗೆ ಬುದ್ಧಿ ಇಲ್ವಾ?” ಎಂದು ಟೀಚರನ್ನೇ ಗದರಿದಳು. ಅವತ್ತು ಕಲೀಪಾ ನಕ್ಕ ನಗು ಶಾಲೆಯ ಅಂಗಳದವರೆಗೂ ಕೇಳಿಸಿತ್ತು. ಅಂದಿನಿಂದ ಅವಳೇ ದಿನಾ ಕುದುರೆಯಲ್ಲಿ ನದಿ ದಾಟಿ ಹುಡುಗಿಯನ್ನು ಕರೆತಂದು ಬಿಟ್ಟು ಬರುತ್ತಿದ್ದಳು. ಎದೆನೋವು ಕಾಣಿಸಿಕೊಂಡ ವಾರ ದಾಮಿರಾಳ ಕೈ ಹಿಡಿದು, “ಕುದುರೆ ಅವ್ಳಿಗೆ. ನೀನು ನೋಡ್ಕೋ,” ಎಂದಳು.

ದಾಮಿರಾ ಆಗಲಿ ಎಂದಿದ್ದಳು.

*

ಮಧ್ಯಾಹ್ನ ಗಂಡಸರು ಮಣ್ಣು ಮಾಡಿ ಬಂದರು. ತಟ್ಟೆಗಳು ಬಂದವು. ತಿನ್ನದೆ ಎದ್ದರೆ ಸತ್ತವಳಿಗೆ ಅವಮಾನವೆಂದು ಎಲ್ಲರೂ ತಿಂದರು. ದಾಮಿರಾಳೂ ತಿಂದಳು.

ಜನ ಚದುರುವ ಹೊತ್ತಿಗೆ ಜಪಾರ್ ಬಂದ. ಮಂದೆ ದೊಡ್ಡಿಗೆ ಸೇರಿಸಿ ಬರುವಷ್ಟರಲ್ಲಿ ತಡವಾಗಿತ್ತು. ಸೊಂಟದವರೆಗೆ ಒದ್ದೆ, ತುಟಿ ನೀಲಿಗಟ್ಟಿತ್ತು. ಹೆಗಲ ಮೇಲಿದ್ದ ಮಗಳನ್ನು ಇಳಿಸಿದ. ಬೇಗಿಮ್‌ಳ ಕೈಯಲ್ಲಿ ಕಂದು ಕುದುರೆಗೆಂದು ಕೆಂಪು, ಬಿಳಿ ಉಣ್ಣೆಯಲ್ಲಿ ಅವಳೇ ಹೆಣೆದ ಹೊಸ ಲಗಾಮಿತ್ತು.

“ಬಾ ಜಪಾರ್, ನಿನ್ನೇ ಕಾಯ್ತಿದ್ದೆ,” ಎಂದು ತೊಲೊಗೊನ್ ಮನಸಾರೆ ಕರೆದ. ಒಂದು ದೊಡ್ಡ ಪ್ಲಾಸ್ಟಿಕ್ ಚೀಲ ತಂದು ಮುಂದಿಟ್ಟ. “ಉಯಿಲಲ್ಲಿ ನಿಮ್ಮನೆ ಹೆಸರಿತ್ತು. ಟೀಚರ್ ಮಾತು ಮೀರೋಕಾಗುತ್ತಾ? ಪಕ್ಕೆಲುಬು ಅಷ್ಟೂ ನಿಮಗೇ ತೆಗೆದಿಟ್ಟಿದೀನಿ. ಒಳ್ಳೇ ಕೊಬ್ಬಿದೆ.”

ಜಪಾರ್ ಖಾಲಿ ಗೂಟ ನೋಡಿದ, ಚೀಲ ನೋಡಿದ. “ದೇವ್ರು ಒಳ್ಳೇದು ಮಾಡ್ಲಿ,” ಎಂದ. ಬೇರೆ ಏನು ಹೇಳುತ್ತಾನೆ?

“ಜಪಾರ್, ನಾನು ಹೇಳ್ದೆ ಕಣಪ್ಪಾ, ಯಾರೂ ಕೇಳ್ಲಿಲ್ಲ,” ಎಂದಳು ದಾಮಿರಾ. “ಮಗೂನ ಶಾಲೆ ಬಿಡಿಸ್ಬೇಡ.”

“ಇವತ್ತು ಹೊತ್ಕೊಂಡು ಬಂದೆ ಟೀಚರ್. ಇನ್ನು ಹದಿನೈದು ದಿನಕ್ಕೆ ನೀರು ಹೆಪ್ಪುಗಟ್ಟುತ್ತೆ. ಅರೆಬರೆ ಮಂಜುಗಡ್ಡೆ ಮೇಲೆ ಹೆಂಗೆ ಕಳಿಸ್ಲಿ? ಮನೇಲೇ ಇರ್ಲಿ ಬಿಡಿ.”

ಬೇಗಿಮ್ ಚೀಲದ ಕಡೆ ನೋಡುತ್ತ ನಿಂತಿದ್ದಳು. ಅವಳಿಗೆ ವಿವರಿಸಿ ಹೇಳಬೇಕಾದ್ದು ಏನೂ ಇರಲಿಲ್ಲ.

ದಾಮಿರಾ ಅವರ ಜೊತೆ ನದಿಯವರೆಗೆ ಹೋದಳು. ದಡದಲ್ಲಿ ಜಪಾರ್ ಚೀಲವನ್ನು ಎತ್ತಿ ನೋಡಿದ. ಕೈಗಳೆರಡೂ ಮಗಳ ಕಾಲು ಹಿಡಿಯಲು ಬೇಕಿದ್ದವು. ಅವನು ಬೇಗಿಮ್‌ಳ ಕೈಯಿಂದ ಲಗಾಮು ತೆಗೆದುಕೊಂಡು, ಚೀಲದ ಬಾಯಿಗೆ ಎರಡು ಸುತ್ತು ಸುತ್ತಿ ಬಿಗಿಯಾಗಿ ಕಟ್ಟಿ ಕೊರಳಿಗೆ ನೇತುಹಾಕಿಕೊಂಡ. ಮಗಳನ್ನು ಹೆಗಲಿಗೇರಿಸಿ ನೀರಿಗಿಳಿದ.