ಸ್ಪ್ರಿಂಗಿನ ಸಂದಿಯ ಟೈರು ಚೂರು

ದಾವಣಗೆರೆಯ ಗಿರಣಿ ರಸ್ತೆಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ತಿಪ್ಪೇರುದ್ರಪ್ಪನ ಹೆಬ್ಬೆರಳು ಸಾಮಾನ್ಯದ್ದಲ್ಲ. ಟೈರಿನ ಮೇಲೆ ಅದನ್ನೊಮ್ಮೆ ಒತ್ತಿದರೆ ಸಾಕು, ಟ್ಯೂಬು ಹುಟ್ಟಿದಾಗಿನಿಂದ ಕುಡಿದ ಗಾಳಿಯ ವರದಿಯನ್ನೆಲ್ಲ ಒಪ್ಪಿಸಿಬಿಡುತ್ತಿತ್ತು. ಅವನು ಪಂಪು ಹೊಡೆದರೆ ಅತ್ತ ಹರಿಹರದಲ್ಲಿ ತುಂಗಭದ್ರೆಯ ನೀರು ನಡುಗುತ್ತಿತ್ತು. ಪಕ್ಕದ ಚಹಾ ಅಂಗಡಿಯ ಹಯಾತ್ ಸಾಬ್ ಇದನ್ನು ನಂಬುತ್ತಿರಲಿಲ್ಲ. ಗಿರಾಕಿಗಳೆದುರು ಮಾತ್ರ ಹೌದೆನ್ನುತ್ತಿದ್ದ.

ದಿನಾ ಹರಿಹರದ ಶಾಲೆಗೆ ಸೈಕಲ್ ತುಳಿಯುತ್ತಿದ್ದ ವಾಮದೇವಪ್ಪ ಮೇಷ್ಟ್ರು ತಿಂಗಳ ಹಿಂದೆ ಹಿಂಚಕ್ರದ ಪಂಕ್ಚರಿಗೆಂದು ಸೈಕಲ್ ಬಿಟ್ಟುಹೋಗಿದ್ದರು. ಹರಿಹರದಲ್ಲಿದ್ದ ದೊರೆಯೊಬ್ಬ ತನ್ನ ದೇಶಕ್ಕೆ ಮರಳುವಾಗ ಮಾರಿದ್ದ ಸೈಕಲ್ಲು. ಅಂಥದ್ದು ಇಡೀ ಮೈಸೂರು ರಾಜ್ಯದಲ್ಲಿ ಇನ್ನೊಂದಿರಲಿಲ್ಲ. ಮುಂಚಕ್ರವನ್ನು ಹಿಡಿದ ಕವಲು ಕಂಬಿಗೆ, ಅಂದರೆ ಫೋರ್ಕಿಗೆ, ಎರಡು ಸ್ಪ್ರಿಂಗು; ಹ್ಯಾಂಡಲ್ ಒತ್ತಿದರೆ ಎಮ್ಮೆ ಕತ್ತು ಬಗ್ಗಿಸಿದ ಹಾಗೆ ತಗ್ಗಿ ಏಳುತ್ತಿತ್ತು.

“ಫೋರ್ಕು ಸಡ್ಲಾಗೈತೆ,” ಎಂದ ತಿಪ್ಪೇರುದ್ರಪ್ಪ. ಅಂಥ ಫೋರ್ಕನ್ನು ಜನ್ಮದಲ್ಲಿ ಕಂಡಿಲ್ಲವೆಂದು ಅವನ ಬಾಯಿಂದ ಬರುವುದುಂಟೇ?

“ದೊರೆ ಸೈಕಲ್ಲಪ್ಪ, ಕೇಳಿ ಮುಟ್ಟು,” ಎಂದ ಹಯಾತ್ ಸಾಬ್.

“ದೊರೆಗಳಿಗೆ ಬಿಗಿ ಮಾಡಾಕೆ ಬಂದಿದ್ರೆ ಯಾಕ ದೇಶ ಬಿಟ್ಟು ಹೋಗ್ತಿದ್ರು?”

ಪಂಕ್ಚರ್ ಮುಚ್ಚಿದ ಮೇಲೆ ಹಳೇ ಟೈರು ಕತ್ತರಿಸಿ ಸ್ಪ್ರಿಂಗಿನ ಸಂದಿಸಂದಿಗೂ ಜಡಿದ. ಗಾಳಿಯನ್ನು ಟೈರು ಕಲ್ಲಾಗುವವರೆಗೆ ತುಂಬಿದ. ರಿಪೇರಿಯಾದ ಗಾಡಿಯನ್ನು ತಾನೇ ಒಂದು ಸುತ್ತು ಹೊಡೆದು ಕೊಡುವುದು ಅವನ ಪದ್ಧತಿ. ಗಿರಣಿ ಮುಂದಿನ ನುಣ್ಣನೆಯ ಟಾರಿನ ಮೇಲೆ ಹೊಡೆದ, ಫೋರ್ಕು ಅಲುಗಲಿಲ್ಲ. ಮೀಸೆ ತಿರುವಿದ.

ಇವತ್ತು ಮೇಷ್ಟ್ರು ಅದೇ ಸೈಕಲ್ಲನ್ನು ತಳ್ಳಿಕೊಂಡು, ಸೊಂಟದ ಮೇಲೆ ಕೈಯಿಟ್ಟು ಬಂದರು.

“ಇದನ್ನ ನೀನೇ ಇಟ್ಕೊಳ್ಳಪ್ಪ. ನಾಳೆ ಹರಿಹರದ ಶಾಲಿಗೆ ರಾಜೀನಾಮೆ ಬರ್ದು ಕೊಡ್ತೀನಿ.”

“ಯಾಕ್ರೀ ಮೇಷ್ಟ್ರೇ?”

“ನನ್ನ ಸೊಂಟನೇ ಕೆಟ್ಟೋತು. ಈ ಸ್ಪ್ರಿಂಗ್ ಇದ್ರೆ ರಸ್ತೆ ಕಲ್ಲು ಮೈಗೆ ಹತ್ತಲ್ಲ ಅಂದಿದ್ದ ದೊರೆ. ಮೊದ್ಲು ಹಂಗೇ ಇತ್ತು. ಒಂದು ತಿಂಗಳಿಂದ ಒಂದೊಂದು ಕಲ್ಲೂ ಬೆನ್ನಾಗೆ ಕುಟ್ತೈತೆ. ನೀನು ಬ್ಯಾರೆ ರಿಪೇರಿ ಮಾಡಿ ಕೊಟ್ಟೀಯ, ಗಾಡಿ ತಪ್ಪು ಹೆಂಗಂತೀನಿ? ವಯಸ್ಸಾತು.”

ತಿಪ್ಪೇರುದ್ರಪ್ಪನ ಕಿವಿ ಕಾದ ಹಂಚಿನಂತಾಯಿತು. ಅದರ ಮೇಲೆ ಹಯಾತ್ ಸಾಬ್ ನಾಲ್ಕು ಕೆಟಲು ಚಹಾ ಕಾಯಿಸಬಹುದಿತ್ತು. ಬೈದಿದ್ದರೆ ತಿರುಗಿ ಬೈಯುತ್ತಿದ್ದ. ಆದರೆ ಈ ಮನುಷ್ಯ ತನ್ನ ಮೈಯನ್ನೇ ದೂರುತ್ತಿದ್ದರು. ಅವರು ಹೋದ ಮೇಲೆ ಚೂರು ಕಿತ್ತೆಸೆದರೆ ಯಾರಿಗೂ ತಿಳಿಯದು, ಸೈಕಲ್ಲೂ ತನ್ನದೇ. ಹಾಗೆ ಯೋಚಿಸಿದ್ದಕ್ಕೆ ಇನ್ನಷ್ಟು ಹೇಸಿಗೆಯಾಯಿತು.

ಕುಕ್ಕರುಗಾಲಲ್ಲಿ ಕೂತು, ಸ್ಕ್ರೂಡ್ರೈವರ್ ತೂರಿಸಿ ಒಂದೊಂದೇ ಚೂರು ಮೀಟಿ ಮೇಷ್ಟ್ರ ಕಾಲ ಬಳಿ ಹಾಕಿದ.

“ಇವನ್ನ ತುರುಕಿದ್ದು ನಾನು. ಫೋರ್ಕು ಆಡ್ತೈತೆ ಅಂದ್ರೆ ಸಡ್ಲಾಗೈತೆ ಅನ್ಕೊಂಡೆ. ನನಗೆ ಗೊತ್ತಿರಲಿಲ್ರಿ.”

ಕೊನೆಯ ಮಾತು ಅವನ ಬಾಯಲ್ಲಿ ಹುಟ್ಟಿದ್ದು ಅದೇ ಮೊದಲು. ಹಯಾತ್ ಸಾಬ್ ತೊಳೆದಿಟ್ಟ ಲೋಟವನ್ನೇ ಮತ್ತೆ ತೊಳೆಯತೊಡಗಿದ.

ಮೇಷ್ಟ್ರು ಒಂದು ಚೂರನ್ನೆತ್ತಿ ಬೆರಳಲ್ಲಿ ಹಿಸುಕಿ ನೋಡಿದರು. “ಹಂಗಾದ್ರೆ ನನ್ನ ಸೊಂಟ ಕೆಟ್ಟಿಲ್ಲ,” ಎಂದರು. ಅವರ ಮುಖ ಅರಳಿತು. ಅದನ್ನು ನೋಡಲಾರದೆ ತಿಪ್ಪೇರುದ್ರಪ್ಪ ತಲೆ ತಗ್ಗಿಸಿ ಟೈರಿನ ಗಾಳಿ ಸ್ವಲ್ಪ ಇಳಿಸಿದ.

“ಒಂದು ಸುತ್ತು ಹೊಡ್ಕೊಂಡು ಬರ್ತೀನ್ರಿ.”

“ಟಾರಿನ ಮ್ಯಾಲೆ ಬ್ಯಾಡ,” ಎಂದರು ಮೇಷ್ಟ್ರು.

ಹರಿಹರದ ರಸ್ತೆಯ ಜಲ್ಲಿಯ ಮೇಲೆ ಹೋಗಿ ಬಂದ. ಕಲ್ಲು ಕಲ್ಲಿಗೂ ಫೋರ್ಕು ತಗ್ಗಿ ಎದ್ದಿತು.

“ಗಾಳಿ ಸರಿ ಐತಾ?” ಎಂದು ಮೇಷ್ಟ್ರು ಕೇಳಿದರು.

ತಿಪ್ಪೇರುದ್ರಪ್ಪ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡ.

“ನೀವೇ ಒತ್ತಿ ನೋಡ್ರಿ.”